ಮೂರನೇ ಪಟ್ಟೆಯ ಡೆಲ್ಬರ್ಟ್

ನಮ್ಮ ವಿಶ್ವವಿದ್ಯಾಲಯದಲ್ಲಿ ನಲವತ್ತು ಸಾವಿರ ವಿದ್ಯಾರ್ಥಿಗಳಿದ್ದಾರೆ, ಎಪ್ಪತ್ತು ಸಾವಿರ ಜನ ಕೂರುವ ಫುಟ್‌ಬಾಲ್ ಮೈದಾನವಿದೆ, ಕಾರು ನಿಲ್ಲಿಸಲು ಮಾತ್ರ ಜಾಗವಿಲ್ಲ. ಜಾಗಕ್ಕೆ ಇಷ್ಟು ಹೊಡೆದಾಟವಿರುವ ಕಡೆ, ಗ್ರಂಥಾಲಯಕ್ಕೂ ರಸಾಯನಶಾಸ್ತ್ರದ ಕಟ್ಟಡಕ್ಕೂ ನಟ್ಟನಡುವೆ, ಅರ್ಧ ಎಕರೆ ಹೊಲವೊಂದು ಯಾರ ಭಯವೂ ಇಲ್ಲದೆ ಮಲಗಿಕೊಂಡಿದೆ. ಅದನ್ನು ಹಳೇ ಹೊಲ ಅನ್ನುತ್ತೇವೆ. ಸರ್ಕಾರ ಜಮೀನು ಕೊಟ್ಟು, ರೈತರ ಮಕ್ಕಳಿಗೆ ಉಪಯೋಗಕ್ಕೆ ಬರುವಂಥದ್ದೇನಾದರೂ ಕಲಿಸಿ ಎಂದು ಹುಟ್ಟಿಸಿದ ಶಾಲೆ ಇದು. ಈಗ ಇಲ್ಲಿ ತುತ್ತೂರಿ ಊದುವುದಕ್ಕೂ ಡಾಕ್ಟರೇಟ್ ಕೊಡುತ್ತಾರೆ. ಆದರೂ ಹಳೇ ಹೊಲದ ಮೇಲೆ ನೆರಳು ಬೀಳುತ್ತದೆಂದು ಗಂಟೆ ಗೋಪುರವನ್ನು ಎತ್ತಿಕೊಂಡು ಹೋಗಿ ದನದ ಕೊಟ್ಟಿಗೆಯ ಪಕ್ಕ ಕಟ್ಟಿದ್ದೇವೆ. ಗಂಟೆ ಸರಿಯಾಗಿ ಕೇಳಿಸುವುದು ದನಗಳಿಗೆ ಮಾತ್ರ.

ಆ ಹೊಲದಲ್ಲಿ ಏಳು ಪಟ್ಟೆಗಳಿವೆ. ಒಂದಕ್ಕೆ ಸಗಣಿ ಗೊಬ್ಬರ, ಒಂದಕ್ಕೆ ಸುಣ್ಣ, ಒಂದಕ್ಕೆ ಮೂಟೆಯ ಗೊಬ್ಬರ, ಹೀಗೆ. ಮೂರನೇ ಪಟ್ಟೆಗೆ ಮಾತ್ರ ಏನೂ ಇಲ್ಲ. ನೂರಿಪ್ಪತ್ತು ವರ್ಷದಿಂದ ಅದಕ್ಕೆ ಯಾರೂ ಒಂದು ಚಿಟಿಕೆ ಏನನ್ನೂ ಕೊಟ್ಟಿಲ್ಲ. ಮೇಲಿನ ಮಳೆ ಬಿಟ್ಟರೆ ನೀರೂ ಇಲ್ಲ. ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಓಟ್ಸ್, ಅದರ ಮರುವರ್ಷ ಕ್ಲೋವರ್ ಹುಲ್ಲು. ಏನೂ ಕೊಡದಿದ್ದರೆ ಮಣ್ಣು ಎಷ್ಟು ದಿನ ನಮ್ಮನ್ನು ಸಹಿಸಿಕೊಳ್ಳುತ್ತದೆ ಎಂದು ನೋಡುವುದಷ್ಟೇ ಅದರ ಕೆಲಸ. ಪಕ್ಕದ ಪಟ್ಟೆಗಳಲ್ಲಿ ಜೋಳ ಆಳೆತ್ತರ ನಿಂತಿರುವಾಗ ಮೂರನೆಯದರಲ್ಲಿ ಸೊಂಟದೆತ್ತರದ ನಾಲ್ಕು ಹಳದಿ ಕಡ್ಡಿ ನಿಂತಿರುತ್ತವೆ. ದೂರದೂರದ ದೇಶಗಳಿಂದ ವಿಜ್ಞಾನಿಗಳು ಬಂದು ಈ ಕಡ್ಡಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ಕಡ್ಡಿಗಳನ್ನು ನಲವತ್ತೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವನು ಡೆಲ್ಬರ್ಟ್ ಕ್ರೂಗರ್. ನಾನು ಮಣ್ಣು ಪರೀಕ್ಷೆಯ ಲ್ಯಾಬಿನವಳು, ಹೆಸರು ವಾಂಡಾ. ರಾಜ್ಯದ ರೈತರೆಲ್ಲ ಕಾಗದದ ಚೀಲದಲ್ಲಿ ಮಣ್ಣು ತುಂಬಿ, "ಸ್ವಲ್ಪ ಬೇಗ ನೋಡಿ ಹೇಳಿ, ಭಾನುವಾರ ಮಳೆ ಬರ್ತದಂತೆ" ಎಂದು ಚೀಟಿ ಬರೆದು ಕಳಿಸುವುದು ನನಗೇ. ಹಳೇ ಹೊಲದ ಮಣ್ಣೂ ವರ್ಷಕ್ಕೊಮ್ಮೆ ನನ್ನ ಮೇಜಿಗೆ ಬರುತ್ತಿತ್ತು, ತರುತ್ತಿದ್ದವನು ಡೆಲ್ಬರ್ಟ್. ಹಾಗಾಗಿ ಅವನ ವಿಷಯ ನನಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ, ಅವನ ಹೆಂಡತಿ ಅರ್ಲೀನಳನ್ನು ಬಿಟ್ಟರೆ.

ಡೆಲ್ಬರ್ಟ್ ಇಲ್ಲಿಂದ ಮೂವತ್ತು ಮೈಲಿ ದೂರದ ಹಂದಿ ಸಾಕುವವರ ಮನೆಯ ನಾಲ್ಕನೇ ಮಗ. ಇಲ್ಲಿ ಓದಲು ಬಂದವನು ಒಂದೂವರೆ ವರ್ಷ ಓದಿದ. ರಸಾಯನಶಾಸ್ತ್ರ ಎರಡು ಸಲ ಕೈ ಕೊಟ್ಟಿತು. ಊರಿಗೆ ಹೋಗಿ ಅಪ್ಪನ ಮುಖ ನೋಡುವುದು ಹೇಗೆಂದು ಹಳೇ ಹೊಲದ ಬದುವಿನ ಮೇಲೆ ಕೂತಿದ್ದಾಗ, ಕಳೆ ಕೀಳುತ್ತಿದ್ದ ಮುದುಕನೊಬ್ಬ ಸುಮ್ಮನೆ ಕೂತಿದ್ದೀಯಲ್ಲ, ಬಾ ಎಂದು ಕರೆದನಂತೆ. ಹೋದವನು ನಲವತ್ತೊಂದು ವರ್ಷ ಹಿಂದಿರುಗಿ ನೋಡಲಿಲ್ಲ. ಯಾವ ರಸಾಯನಶಾಸ್ತ್ರ ತನ್ನನ್ನು ಹೊರಗೆ ಹಾಕಿತೋ ಅದೇ ಕಟ್ಟಡದ ಹೊರಗಿನ ನಲ್ಲಿಯಲ್ಲಿ ದಿನಾ ಕೈ ತೊಳೆದುಕೊಂಡ.

ಮೂರನೇ ಪಟ್ಟೆಯ ವಿಷಯದಲ್ಲಿ ಅವನಿಗಿದ್ದ ಮಡಿ ನಮ್ಮ ಪಾದ್ರಿಗಳಿಗೂ ಇರಲಿಲ್ಲ. ಅದಕ್ಕೇ ಬೇರೆ ಗುದ್ದಲಿ, ಬೇರೆ ಬೂಟು. ಒಳಗೆ ಕಾಲಿಡುವ ಮೊದಲು ಪ್ಯಾಂಟಿನ ಜೇಬುಗಳನ್ನು ಹೊರಕ್ಕೆ ತಿರುವಿ ಕೊಡವುತ್ತಿದ್ದ. ಶರತ್ಕಾಲದಲ್ಲಿ ಕಾಡುಬಾತುಗಳು ಹಿಂಡುಗಟ್ಟಿ ಬಂದು ಇಡೀ ಕ್ಯಾಂಪಸ್ಸನ್ನು ಹೊಲಸೆಬ್ಬಿಸುತ್ತವೆ. ಡೆಲ್ಬರ್ಟ್ ಮೂರನೇ ಪಟ್ಟೆಯಲ್ಲಿ ಬಿದ್ದ ಹಿಕ್ಕೆಯನ್ನು ಊಟದ ಚಮಚದಲ್ಲಿ ಎತ್ತಿ, ಡಬ್ಬಿಗೆ ಹಾಕಿ, ತೂಕ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಚೆ ಹಾಕುತ್ತಿದ್ದ. ಒಮ್ಮೆ ರಾಜಧಾನಿಯಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರ ಕೈಯಿಂದ ಸೇಬಿನ ಪೈ ಚೂರು ಆ ಪಟ್ಟೆಯ ಮೇಲೆ ಬಿತ್ತು. ಅವರ ಭಾಷಣ ನಡೆಯುತ್ತಿರುವಾಗಲೇ ಡೆಲ್ಬರ್ಟ್ ಅವರ ಕಾಲ ಬಳಿ ಮಂಡಿಯೂರಿ ಕೂತು ಒಂದೊಂದೇ ಚೂರು ಹೆಕ್ಕಿದ. ಆ ಮನುಷ್ಯರು ಇದು ತಮಗೆ ಸಂದ ಗೌರವವೆಂದು ತಿಳಿದು ಅವನ ತಲೆಯ ಮೇಲೆ ಕೈ ಇಟ್ಟರು.

ಅರ್ಲೀನ್ ಬೇಸಾಯ ವಿಭಾಗದಲ್ಲಿ ಟೈಪಿಸ್ಟ್. ಹಳೇ ಹೊಲದ ವಾರ್ಷಿಕ ವರದಿ ಟೈಪ್ ಮಾಡುತ್ತಿದ್ದವಳು ಅವಳೇ. ಮದುವೆಗೆ ಮೊದಲು ಡೆಲ್ಬರ್ಟ್ ಮೂರು ವರ್ಷ ಪ್ರತಿ ಶುಕ್ರವಾರ ಅವಳ ಮೇಜಿನ ಮುಂದೆ ನಿಂತು, "ಮೂರನೇ ಪಟ್ಟೆಗೆ ಈ ವಾರ ಏನೂ ಹಾಕಿಲ್ಲ" ಎಂದು ವರದಿ ಒಪ್ಪಿಸಿ ಹೋಗುತ್ತಿದ್ದನಂತೆ. ವಾರವಾರವೂ ಇದನ್ನು ಹೇಳುವ ನಿಯಮ ಎಲ್ಲೂ ಇರಲಿಲ್ಲ.

ಕೊನೆಗೆ ಅರ್ಲೀನಳೇ ಕೇಳಿದಳು. "ಡೆಲ್, ವರದಿ ಆಯ್ತು. ಬೇರೆ ಏನಾದ್ರೂ ಹೇಳೋದಿದ್ಯಾ?"

"ಈ ಶನಿವಾರ ಚರ್ಚಿನಲ್ಲಿ ಊಟ ಇಟ್ಕೊಂಡಿದಾರೆ. ಕೋಳಿ, ನೂಡಲ್ಸು."

"ಅದು ನಂಗೂ ಗೊತ್ತು."

"ಅಷ್ಟೇನೂ ಕೆಟ್ಟದಾಗಿರಲ್ಲ" ಅಂದನಂತೆ. ನಮ್ಮ ಕಡೆ ಗಂಡಸು ಇದಕ್ಕಿಂತ ಹೆಚ್ಚು ಪ್ರೀತಿ ತೋರಿಸಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅರ್ಲೀನ್ ಮದುವೆಯಾದಳು.

ಮಕ್ಕಳಾಗಲಿಲ್ಲ. ಆ ವಿಷಯ ಅವರು ಮಾತಾಡುತ್ತಿರಲಿಲ್ಲ, ನಾವೂ ಕೇಳಲಿಲ್ಲ. ಅರ್ಲೀನ್ ಬಾಯಿ ಚುರುಕಿನ ಹೆಂಗಸು, ಕಾಫಿ ವೇಳೆಯಲ್ಲಿ ಎಲ್ಲರ ಮುಂದೆ ಗಂಡನ ಕಾಲೆಳೆಯುತ್ತಿದ್ದಳು. "ನಮ್ಮನೆ ಹಿತ್ತಲಲ್ಲಿ ಟೊಮೇಟೊ ಒಣಗಿ ಸಾಯ್ತಿದೆ, ಇವರು ಅಲ್ಲಿ ನಾಲ್ಕು ಕಡ್ಡಿ ಎಣಿಸ್ತಾ ಕೂತಿರ್ತಾರೆ. ನಾನು ಸತ್ತ್ರೆ ಆ ಮೂರನೇ ಪಟ್ಟೆಗೇ ಹಾಕ್ಬಿಡಿ ಕಣ್ರೀ, ಅಲ್ಲಾದ್ರೂ ದಿನಾ ಬಂದು ನೋಡ್ತಾರೆ." ನಾವೆಲ್ಲ ನಗುತ್ತಿದ್ದೆವು. ಡೆಲ್ಬರ್ಟ್ ಕಾಫಿ ಕುಡಿಯುತ್ತಿದ್ದ. ಅವನಿಗೆ ತಮಾಷೆ ಬೇರೆ, ಮಾತು ಬೇರೆ ಎಂದು ಯಾರೂ ಕಲಿಸಿರಲಿಲ್ಲ.

ಅರ್ಲೀನ್ ತೀರಿಕೊಂಡು ಆರು ವರ್ಷವಾಯಿತು. ದೇಹವನ್ನು ಸುಟ್ಟು ಬೂದಿ ಕೊಟ್ಟರು. ಡೆಲ್ಬರ್ಟ್ ಚರ್ಚಿನ ಸ್ಮಶಾನದಲ್ಲಿ ಕಲ್ಲು ನಿಲ್ಲಿಸಿದ್ದಾನೆ, ಹೆಸರು ಕೆತ್ತಿಸಿದ್ದಾನೆ. ನಾವೆಲ್ಲ ಕಲ್ಲಿನ ಕೆಳಗೆ ಅವಳಿದ್ದಾಳೆ ಎಂದುಕೊಂಡೆವು.

ನಾಲ್ಕು ವರ್ಷದ ಹಿಂದೆ ಹಳೇ ಹೊಲದ ಮುಖ್ಯಸ್ಥರಾಗಿ ಡಾಕ್ಟರ್ ಇನೆಸ್ ಪೆರಾಲ್ಟಾ ಬಂದರು. ಅಪ್ಪ ಅಮ್ಮ ಪರರ ಹೊಲದಲ್ಲಿ ಸೊಪ್ಪು ಕುಯ್ದು ಓದಿಸಿದ ಮಗಳು. ಮಾತು, ನಡಿಗೆ, ಯೋಚನೆ ಎಲ್ಲ ಬಿರುಸು. ನಮ್ಮವರು ಹೊರಡಲೆಂದು ಎದ್ದು ಒಂದು ಗಂಟೆ ಬಾಗಿಲಲ್ಲಿ ನಿಂತು "ಸರಿ ಹಾಗಾದ್ರೆ" ಅನ್ನುವಷ್ಟರಲ್ಲಿ ಅವರು ಊರು ಸೇರಿರುತ್ತಿದ್ದರು. ಇನೆಸ್ ಎಂದೇ ಕರೆಯಿರಿ ಎಂದು ಡೆಲ್ಬರ್ಟನಿಗೆ ನೂರು ಸಲ ಹೇಳಿದರು. ಅವನು ನೂರು ಸಲವೂ "ಆಗಲಿ ಡಾಕ್ಟರ್" ಅಂದ.

ಈ ವರ್ಷ ಮೂರನೇ ಪಟ್ಟೆಯಲ್ಲಿ ಜೋಳದ ಸರದಿ. ಜುಲೈ ತಿಂಗಳಲ್ಲಿ ಪೆರಾಲ್ಟಾ ನನ್ನ ಲ್ಯಾಬಿಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದರು.

"ವಾಂಡಾ, ಮೂರನೇ ಪಟ್ಟೆಯ ದಕ್ಷಿಣದ ತುದಿ ನೋಡಿದ್ರಾ? ಎಂಟು ಅಡಿ ಜಾಗದಲ್ಲಿ ಜೋಳ ನನ್ನ ಭುಜಕ್ಕೆ ಬಂದಿದೆ. ಕಡು ಹಸಿರು. ಹೋದ ವರ್ಷ ಕ್ಲೋವರ್ ಕೂಡ ಅಲ್ಲೇ ದಟ್ಟವಾಗಿತ್ತು. ಮಣ್ಣು ತಾನಾಗೇ ಚೇತರಿಸ್ಕೊಳ್ತಿದೆ."

"ಬಾತುಕೋಳಿ ಇರ್ಬೇಕು" ಅಂದೆ.

"ಡೆಲ್ಬರ್ಟ್ ಇರೋವಾಗ ಬಾತುಕೋಳಿನಾ?"

ಅದೂ ನಿಜವೇ. ಚೀಲದಲ್ಲಿ ತಂದಿದ್ದ ಮಣ್ಣನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಎಂಟು ತಿಂಗಳಿಂದ ಅವರು ಇದರ ಮೇಲೆ ಲೇಖನ ಬರೆಯುತ್ತಿದ್ದರೆಂದು ಆಗಲೇ ನನಗೆ ತಿಳಿದದ್ದು. ಆಗಸ್ಟಿನಲ್ಲಿ ಹಳೇ ಹೊಲಕ್ಕೆ ನೂರಿಪ್ಪತ್ತು ತುಂಬುವ ಸಮಾರಂಭ. ಅಲ್ಲಿ ಎಲ್ಲರೆದುರು ಈ ಸಂಗತಿ ಹೊರಗೆ ಬರುವುದಿತ್ತು.

ನಾನು ಮಣ್ಣು ನೋಡಿದೆ. ವರ್ಷಕ್ಕೊಮ್ಮೆ ಡೆಲ್ಬರ್ಟ್ ತರುತ್ತಿದ್ದದ್ದು ಪಟ್ಟೆಯ ನಡುವಿನ ಮಣ್ಣು, ಈ ತುದಿಯದನ್ನು ನಾನು ನೋಡುತ್ತಿದ್ದುದು ಇದೇ ಮೊದಲು. ರಂಜಕ ಮಿತಿಮೀರಿ ಇತ್ತು, ಸುಣ್ಣದ ಅಂಶವೂ ಹಾಗೇ. ಮಣ್ಣು ತಾನಾಗಿ ಚೇತರಿಸಿಕೊಂಡರೆ ಹೀಗೆ ಬರುವುದಿಲ್ಲ. ಮೂವತ್ತು ವರ್ಷ ಇದನ್ನೇ ನೋಡಿದ್ದೇನೆ, ಗುಲಾಬಿ ಬೆಳೆಯುವ ಮುದುಕಿಯರು ಮೂಳೆಪುಡಿ ಹಾಕಿದ ಮಣ್ಣು ಹೀಗಿರುತ್ತದೆ. ಯಾರೋ ಮೂಳೆಯದ್ದೇನೋ ಹಾಕಿದ್ದಾರೆ.

ಸುದ್ದಿ ಕೇಳಿ ವಿಭಾಗದವರು ಸಮಿತಿ ರಚಿಸಿದರು. ನಮ್ಮಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಸಮಿತಿ ರಚಿಸುತ್ತಾರೆ. ಪಕ್ಕದ ರಾಜ್ಯದ ವಿಶ್ವವಿದ್ಯಾಲಯದವರು ಫುಟ್‌ಬಾಲ್ ಸೋತ ಸಿಟ್ಟಿಗೆ ಬಂದು ಹಾಕಿ ಹೋಗಿದ್ದಾರೆ ಎಂದು ಒಬ್ಬರು ವಾದಿಸಿದರು. ಅವರಿಗೆ ಮೂಳೆಪುಡಿ ಎಂದರೇನೆಂದು ಗೊತ್ತಿರುವಷ್ಟು ಬುದ್ಧಿ ಇಲ್ಲ ಎಂದು ಇನ್ನೊಬ್ಬರು. ಪೆರಾಲ್ಟಾ ಮಾತ್ರ ನನ್ನ ಲ್ಯಾಬಿನ ಅಳತೆಯೇ ತಪ್ಪಿರಬಹುದು, ಇನ್ನೊಮ್ಮೆ ನೋಡೋಣ ಎಂದರು. ನನಗೆ ಮೈ ಉರಿಯಿತು. ಮುಂದೇನು ಎಂಬ ಮಾತು ಬಂದಾಗ ಸಮಿತಿಯ ಹಿರಿಯರು ಹಳೆಯದೊಂದನ್ನು ನೆನಪಿಸಿದರು. ಹಿಂದೆ ಒಮ್ಮೆ ಚಾವಣಿ ಕೆಲಸದವರು ಐದನೇ ಪಟ್ಟೆಯ ಮೇಲೆ ಡಾಂಬರು ಚೆಲ್ಲಿದ್ದರು. ಆಗ ಎರಡು ಅಡಿ ಆಳ ಅಗೆದು, ಆ ಮಣ್ಣನ್ನು ಲಾರಿಯಲ್ಲಿ ತುಂಬಿ ಊರಾಚೆಯ ಕಸದ ಗುಂಡಿಗೆ ಸುರಿದು, ಬೇರೆ ಮಣ್ಣು ತಂದು ತುಂಬಿದ್ದರು. ಹೊರಗಿನಿಂದ ಏನೋ ಬಿದ್ದಿದೆ ಎಂದು ಖಾತ್ರಿಯಾದರೆ ಇಲ್ಲೂ ಅದೇ ನಿಯಮ.

"ಅವತ್ತು ಅಗೆದಿದ್ದು ನೀನೇ ಅಲ್ವಾ ಡೆಲ್?" ಎಂದು ಹಿರಿಯರು ಬಾಗಿಲ ಬಳಿ ಕೂತಿದ್ದ ಡೆಲ್ಬರ್ಟನನ್ನು ಕೇಳಿದರು.

"ನಾನೇ" ಎಂದ ಡೆಲ್ಬರ್ಟ್. ಆಮೇಲೆ ಸಭೆ ಮುಗಿಯುವವರೆಗೂ ತುಟಿಪಿಟಕ್ಕೆನ್ನಲಿಲ್ಲ. ಅವನು ಮಾತಾಡದಿರುವುದು ಹೊಸದೇನಲ್ಲವಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ನನ್ನ ಲ್ಯಾಬಿಗೆ ಬಂದ. ಮೊಟ್ಟೆಯ ಸ್ಯಾಂಡ್‌ವಿಚ್ ಬಿಚ್ಚಿದ, ತಿನ್ನಲಿಲ್ಲ.

"ವಾಂಡಾ, ನಿನ್ನ ಅಳತೆ ತಪ್ಪಿಲ್ಲ."

"ಅದು ನಂಗೊತ್ತು. ನೀನ್ಯಾಕೆ ಹೇಳ್ತಿದೀಯ?"

"ಅಲ್ಲಿ ಅರ್ಲೀನ್ ಇದಾಳೆ."

ನನ್ನ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟೆ.

"ಅವಳೇ ಹೇಳಿದ್ದಳಲ್ಲ" ಎಂದ. "ನಿಮ್ಮೆಲ್ಲರ ಮುಂದೇನೇ ಹೇಳಿದ್ದಳು. ಒಂದ್ಸಲ ಅಲ್ಲ."

"ಅದು ತಮಾಷೆಗೆ ಕಣೋ ಡೆಲ್."

"ಆಸ್ಪತ್ರೇಲೂ ಹೇಳಿದ್ಳು. ಅಲ್ಲಿ ನಗಲಿಲ್ಲ."

ಅವನು ಕಿಟಕಿಯ ಕಡೆ ನೋಡುತ್ತ ನಿಧಾನವಾಗಿ ಹೇಳಿಕೊಂಡ. ಬೂದಿ ತಂದ ಮರುವಾರ, ಬೆಳಿಗ್ಗೆ ಐದೂವರೆಗೆ, ಬೇರೆ ಬೂಟು ಹಾಕಿಕೊಂಡು, ಜೇಬು ಕೊಡವಿ, ಮೂರನೇ ಪಟ್ಟೆಯ ದಕ್ಷಿಣದ ತುದಿಯಲ್ಲಿ ಗೇಣಾಳ ಅಗೆದು ಬೂದಿ ಹಾಕಿ ಮುಚ್ಚಿದ್ದಾನೆ. ದಿನಾ ಮಧ್ಯಾಹ್ನ ಅಲ್ಲೇ ಬದುವಿನ ಮೇಲೆ ಕೂತು ಊಟ ಮಾಡಿದ್ದಾನೆ. ಆರು ವರ್ಷ.

"ಬಾತಿನ ಹಿಕ್ಕೆ ಚಮಚದಲ್ಲಿ ಎತ್ತೋನು ನೀನು" ಅಂದೆ. "ಬೂದಿ ಹಾಕಿದ್ರೆ ಏನಾಗತ್ತೆ ಅಂತ ನಿಂಗೆ ಹೊಳೀಲಿಲ್ವಾ?"

"ಅವಳು ಗೊಬ್ಬರ ಅಲ್ಲ ವಾಂಡಾ. ನಂಗೆ ಹಾಗೆ ಹೊಳೀಲೇ ಇಲ್ಲ. ಮೊದಲ ಸಲ ಜೋಳ ಸ್ವಲ್ಪ ಎತ್ತರ ಬಂದಾಗ, ಅದು ಅವಳೇ ಅಂತ ಅಷ್ಟೇ ಅಂದ್ಕೊಂಡೆ. ರಂಜಕ ಅಂತ ಅಂದ್ಕೊಳ್ಳಲಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ. ಅವನಿಗೆ ಬೇಜಾರಾಗಲಿಲ್ಲ, ತನ್ನ ಕರವಸ್ತ್ರ ಕೊಟ್ಟ.

"ಈಗ ಹೇಳಿದ್ರೆ ಅಗೀತಾರೆ" ಎಂದ. "ಐದನೇ ಪಟ್ಟೆ ಅಗೆದಾಗ ಲಾರಿ ಹಿಂದೆ ನಾನೇ ಕೂತ್ಕೊಂಡು ಹೋಗಿದ್ದೆ. ಆ ಗುಂಡೀಲಿ ಹಳೇ ಫ್ರಿಜ್ಜು, ಟೈರು, ಎಲ್ಲ ಇತ್ತು. ಅವಳನ್ನ ಅಲ್ಲಿ ಹಾಕೋದು ನನ್ನ ಕೈಲಾಗಲ್ಲ."

"ಹೇಳ್ದೆ ಇದ್ರೆ?"

"ಡಾಕ್ಟರು ಎಲ್ಲರ ಮುಂದೆ ಸುಳ್ಳು ಹೇಳಿದ ಹಾಗಾಗತ್ತೆ. ಅವರಿಗೆ ಗೊತ್ತಿಲ್ದೆ. ನಂಗೆ ಗೊತ್ತಿದ್ದೂ."

ಎರಡು ದಾರಿ ಇವೆ ಎಂದೆ. ಒಂದು, ನನ್ನ ವರದಿಯಲ್ಲಿ ಬಾತುಕೋಳಿ ಎಂದು ಬರೆದುಬಿಡುವುದು. ಮೂವತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದದವಳು ನಾನು, ಆ ಹೊತ್ತಿಗೆ ತಿದ್ದಲು ತಯಾರಾಗಿದ್ದೆ. ಅವನು ನನ್ನ ಮುಖವನ್ನೇ ನೋಡಿ, "ಬೇಡ, ನಿಂಗೆ ಆಮೇಲೆ ನಿದ್ದೆ ಬರಲ್ಲ" ಎಂದ. ಎರಡನೆಯದು ಪೆರಾಲ್ಟಾರಿಗೆ ನಿಜ ಹೇಳಿಬಿಡುವುದು. ಅದನ್ನು ನಾನು ಹೇಳುವ ಮೊದಲೇ ಸ್ಯಾಂಡ್‌ವಿಚ್ಚನ್ನು ಮತ್ತೆ ಸುತ್ತಿ ಡಬ್ಬಿಗೆ ಹಾಕಿಕೊಂಡು ಎದ್ದ.

ಪೆರಾಲ್ಟಾರನ್ನು ಹೊಲಕ್ಕೇ ಕರೆದುಕೊಂಡು ಬಂದೆವು. ಆಗಸ್ಟಿನ ಬಿಸಿಲು, ಮೂರು ವಾರದಿಂದ ಮಳೆಯಿಲ್ಲ, ಮೂರನೇ ಪಟ್ಟೆಯ ಎಲೆಗಳೆಲ್ಲ ಸುರುಳಿ ಸುತ್ತಿಕೊಂಡಿದ್ದವು. ಡೆಲ್ಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನನಗೆ ಹೇಳಿದ್ದನ್ನೇ ಇನ್ನೂ ಚಿಕ್ಕದಾಗಿ ಹೇಳಿದ.

ಪೆರಾಲ್ಟಾ ಕೇಳಿಸಿಕೊಂಡರು. ಆ ಎತ್ತರದ ಜೋಳದ ಮುಂದೆ ಹೋಗಿ ನಿಂತರು. ತಿರುಗಿದಾಗ ಮುಖ ಕೆಂಪಾಗಿತ್ತು.

"ಎಂಟು ತಿಂಗಳು ಡೆಲ್ಬರ್ಟ್. ಎಂಟು ತಿಂಗಳು ಬರೆದಿದೀನಿ. ಮಣ್ಣು ತನ್ನನ್ನ ತಾನೇ ವಾಸಿ ಮಾಡ್ಕೊಳ್ತು ಅಂತ ನಮ್ಮಮ್ಮಂಗೂ ಫೋನ್ ಮಾಡಿ ಹೇಳಿದೀನಿ. ನೂರಿಪ್ಪತ್ತು ವರ್ಷದ ದಾಖಲೆ, ಪ್ರಪಂಚದಲ್ಲಿ ಇಂಥದು ನಾಲ್ಕೈದಿರಬಹುದು. ಅದನ್ನ ಕಾಯೋನೇ ಕೆಡಿಸಿದ್ರೆ ನಾನು ಯಾರನ್ನ ಕೇಳ್ಲಿ?"

"ನನ್ನನ್ನೇ ಕೇಳ್ಬೇಕು ಡಾಕ್ಟರ್."

ದೂರದಲ್ಲಿ ದನದ ಕೊಟ್ಟಿಗೆಯ ಕಡೆ ಹನ್ನೊಂದು ಬಡಿಯಿತು. ಪೆರಾಲ್ಟಾ ಚೀಲದಿಂದ ಹೊಲದ ದಾಖಲೆ ಪುಸ್ತಕ ತೆಗೆದು ಅವನ ಕೈಗೆ ಕೊಟ್ಟರು. "ಬರೀರಿ. ಯಾವ ದಿನ, ಎಲ್ಲಿ, ಏನು, ಎಷ್ಟು. ಎಷ್ಟು ಅನ್ನೋದು ಈಗ ಗೊತ್ತಾಗಲ್ಲ, ಅಂದಾಜು ಬರೀರಿ."

"ಐದು ಪೌಂಡು, ಎರಡು ಔನ್ಸು" ಎಂದ ಡೆಲ್ಬರ್ಟ್.

"ತೂಕ ಮಾಡಿದ್ರಾ?"

"ತೂಕ ಮಾಡ್ದೆ ನಾನು ಈ ಹೊಲಕ್ಕೆ ಏನನ್ನೂ ತರಲ್ಲ ಡಾಕ್ಟರ್."

ಪೆರಾಲ್ಟಾ ನನ್ನ ಕಡೆ ನೋಡಿದರು. ನಾನು ಜೋಳದ ಕಡೆ ನೋಡಿದೆ.

ಬದುವಿನ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದ. ದಿನಾಂಕ ಬರೆದ. ಹಾಕಿದ ವಸ್ತು ಎಂಬಲ್ಲಿ ಅರ್ಲೀನ್ ಮೇ ಕ್ರೂಗರ್ ಎಂದು ಬರೆದ. ಪ್ರಮಾಣ ಬರೆದ. ಕೊನೆಯ ಅಂಕಣ ಉದ್ದೇಶದ್ದು. ಅಲ್ಲಿ ಪೆನ್ನು ನಿಂತುಬಿಟ್ಟಿತು. ಸಾಮಾನ್ಯವಾಗಿ ಅಲ್ಲಿ ಇಳುವರಿ ಹೆಚ್ಚಿಸಲು, ಮಣ್ಣಿನ ಹುಳಿ ತಗ್ಗಿಸಲು ಎಂದೆಲ್ಲ ಬರೆದಿರುತ್ತದೆ. ಡೆಲ್ಬರ್ಟ್ ಯೋಚಿಸಿ ಯೋಚಿಸಿ, "ಜೊತೆಗಿರಲಿ ಎಂದು" ಎಂದು ಬರೆದು ಸಹಿ ಹಾಕಿದ. ಪೆರಾಲ್ಟಾ ಅದನ್ನು ಓದಿ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಅವರ ಕೋಪ ಇಳಿದಿತ್ತೆಂದು ನಾನು ಹೇಳಲಾರೆ, ಆದರೆ ಪುಸ್ತಕವನ್ನು ಮುಚ್ಚುವಾಗ ಕೈ ಮೆತ್ತಗಿತ್ತು.

"ಯಾವಾಗ ಅಗೀಬೇಕು?" ಎಂದು ಡೆಲ್ಬರ್ಟ್ ಕೇಳಿದ. ಟೋಪಿಯನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದ್ದ. "ಅಗೆಯೋದಾದ್ರೆ ನಾನೇ ಅಗೀತೀನಿ. ಬೇರೆಯವರು ಬೇಡ."

ಪೆರಾಲ್ಟಾ ಜೇಬಿನಿಂದ ಅಳತೆಯ ಟೇಪು ತೆಗೆದರು. "ಆ ತುದಿ ಹಿಡ್ಕೊಳ್ಳಿ ವಾಂಡಾ." ಎಂಟು ಅಡಿ ಅಳೆದು, ಮೇಲೆ ಎರಡು ಅಡಿ ಬಿಟ್ಟು, ಕಾಲಿನಿಂದ ಮಣ್ಣಿನ ಮೇಲೆ ಗೆರೆ ಎಳೆದರು.

"ಅಗೆಯಲ್ಲ. ಎರಡು ಅಡಿ ಅಗೆದ್ರೆ ಪಕ್ಕದ ಒಳ್ಳೇ ಮಣ್ಣೂ ಕೆಡತ್ತೆ, ಇದು ಡಾಂಬರಲ್ಲ. ಗಡಿ ಗೂಟ ಇಲ್ಲಿಗೆ ತರ್ತೀವಿ. ಮೂರನೇ ಪಟ್ಟೆ ಇವತ್ತಿಂದ ಹತ್ತು ಅಡಿ ಚಿಕ್ಕದು. ಸಮಿತಿಗೆ ನಾನು ಹೇಳ್ಕೋತೀನಿ, ಸಮಾರಂಭದಲ್ಲೂ ಇದ್ದಿದ್ದನ್ನ ಇದ್ದ ಹಾಗೆ ಹೇಳ್ತೀನಿ. ಹೆಸರು ಹೇಳಲ್ಲ."

ಡೆಲ್ಬರ್ಟ್ ಆ ಗೆರೆಯನ್ನು ನೋಡಿದ. ಗೆರೆಯ ಆಚೆಗಿನ ಜೋಳವನ್ನು ನೋಡಿದ. ಅವನ ತಲೆಯಲ್ಲಿ ಏನೋ ನಿಧಾನವಾಗಿ ನಡೆಯುತ್ತಿತ್ತು.

"ಅಂದ್ರೆ, ಆ ಹತ್ತು ಅಡಿ ಪ್ರಯೋಗದಲ್ಲಿಲ್ಲ."

"ಇಲ್ಲ."

"ಅದರ ಇಳುವರಿ ಯಾರೂ ಬರ್ಕೊಳಲ್ಲ."

"ಯಾರೂ ಬರ್ಕೊಳಲ್ಲ."

"ಹಾಗಾದ್ರೆ ಅಲ್ಲಿಗೆ ನೀರು ಹಾಕಬಹುದಾ?"

ಪೆರಾಲ್ಟಾ ಆಗಬಹುದೆಂದು ತಲೆಯಾಡಿಸಿದರು. ಡೆಲ್ಬರ್ಟ್ ರಸಾಯನಶಾಸ್ತ್ರದ ಕಟ್ಟಡದ ನಲ್ಲಿಯ ಕಡೆ ಹೋದ. ಅವನು ಅಷ್ಟು ಬೇಗ ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತುಂಬಿದ ಬಕೆಟ್ಟು ಹೊತ್ತು ಗೆರೆಯ ಆಚೆ ಬಂದು ನಿಂತವನಿಗೆ ಮುಂದೇನು ಮಾಡಬೇಕೆಂದೇ ತೋಚಲಿಲ್ಲ. ನಲವತ್ತೊಂದು ವರ್ಷದಲ್ಲಿ ಆ ಮಣ್ಣಿಗೆ ಅವನು ಬೇಕೆಂದು ನೀರು ಹನಿಸಿದವನಲ್ಲ.

"ವಾಂಡಾ" ಎಂದು ಕರೆದ. "ಎಷ್ಟು ಹಾಕ್ಲಿ?"

"ನಿಂಗೆ ಎಷ್ಟು ಹಾಕ್ಬೇಕು ಅನ್ಸತ್ತೋ ಅಷ್ಟು."

ಅವನು ಮಂಡಿಯೂರಿ, ಜೋಳದ ಬುಡಕ್ಕೆ ಬೊಗಸೆ ಬೊಗಸೆಯಾಗಿ ಹಾಕತೊಡಗಿದ. ಬಕೆಟ್ಟು ಖಾಲಿಯಾದ ಮೇಲೆ ಇನ್ನೊಂದು ತರಲು ಎದ್ದ.